ಎರಡು ಸಲ ಕಲ್ಲಾದ ಕೈಮಾ

ಚಾಮರಾಜಪೇಟೆಯ ಕಾಳಪ್ಪನವರು ದೊಡ್ಡ ಫ್ರಿಜ್ ಕೊಂಡ ಮೇಲೆ ಸಾವಿನ ಬಗ್ಗೆ ಅವರಿಗಿದ್ದ ನಂಬಿಕೆಗಳೇ ಬದಲಾದವು. ಫ್ರೀಜರ್ ಸೇರಿದ್ದು ಎಂದಿಗೂ ಕೆಡದು ಎಂಬುದು ಅವರ ಸಿದ್ಧಾಂತ. ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟರಾಗಿ ಕಡತಗಳನ್ನೂ ಅವರು ಇದೇ ರೀತಿ ಕಾಪಾಡಿಕೊಂಡು ಬಂದಿದ್ದರು.

ಮಗಳು ಮೀನಾ ಮದುವೆಯಾದರೆ ಮುತ್ತುರಾಜನನ್ನೇ ಎಂದು ಕಾಲೇಜಿನ ದಿನಗಳಿಂದ ಹಟ ಹಿಡಿದಿದ್ದಳು. ಕಾಳಪ್ಪನವರು ಒಪ್ಪಿಯಾಗಿತ್ತು. ಇನ್ನು ಒಪ್ಪಬೇಕಾದವರು ಹುಡುಗನ ತಂದೆ ಓಬಳಪ್ಪ. ಅವರು ಸಂಸಾರ ಸಮೇತ ಭಾನುವಾರದ ಊಟಕ್ಕೆ ಬರುವುದೆಂದಾಯಿತು. ಮನೆತನ ಎಂಥದ್ದೆಂದು ಕೈಮಾ ಉಂಡೆಯಲ್ಲೇ ತಿಳಿಯುತ್ತದೆ ಎಂದು ಅವರು ಎಲ್ಲೋ ಹೇಳಿದ್ದು ಕಾಳಪ್ಪನವರ ಕಿವಿಗೂ ಬಿದ್ದಿತ್ತು.

ಭಾನುವಾರ ಮಟನ್ ಅಂಗಡಿಯ ಸಾಲಿನಲ್ಲಿ ನಿಲ್ಲುವುದು ಸೂಪರಿಂಟೆಂಡೆಂಟರ ಅಂತಸ್ತಿಗೆ ಸಲ್ಲದು. ಶುಕ್ರವಾರವೇ ಕೈಮಾ ತಂದು ಫ್ರೀಜರಿನಲ್ಲಿ ಕಲ್ಲಾಗಿಸಿದರು. ಭಾನುವಾರ ಬೆಳಗ್ಗೆ ಅದನ್ನು ತೆಗೆದು ಅಡುಗೆಮನೆ ಕಟ್ಟೆಯ ಮೇಲೆ, ಕಿಟಕಿಯ ಬಿಸಿಲಿಗೆ ಒಡ್ಡಿದರು. ಹಿಂದಿನ ದಿನವೇ ಫ್ರಿಜ್ಜಿನ ಕೆಳಗಿನ ಖಾನೆಗೆ ಇಳಿಸಿದ್ದರೆ ತಣ್ಣಗಿದ್ದೇ ಕರಗುತ್ತಿತ್ತು, ಬೇಡವಾದರೆ ವಾಪಸ್ಸೂ ಇಡಬಹುದಿತ್ತು ಎಂದಳು ಮೀನಾ. ಸೂರ್ಯನಿರುವಾಗ ಖಾನೆ ಯಾಕೆ ಎಂದರು ಕಾಳಪ್ಪನವರು.

ಊಟದ ಹೊತ್ತಿಗೆ ಫೋನ್ ಬಂತು. ಓಬಳಪ್ಪನವರ ಹೆಂಡತಿ ಆಗಷ್ಟೇ ಕ್ಯಾಲೆಂಡರ್ ನೋಡಿದ್ದರು. ಅಮಾವಾಸ್ಯೆಯಂತೆ. ಅವರ ಮನೆಯಲ್ಲಿ ಆ ದಿನ ಮಾಂಸ ಮುಟ್ಟುವುದಿಲ್ಲ. ಬುಧವಾರ ಸಂಜೆ ಬರುತ್ತಾರಂತೆ.

ಕಾಳಪ್ಪನವರು ನೀರು ಬಿಟ್ಟುಕೊಂಡು ಕುಸಿದಿದ್ದ ಕೈಮಾವನ್ನು ಎತ್ತಿಕೊಂಡು ಫ್ರಿಜ್ಜಿನತ್ತ ನಡೆದರು. ಮೀನಾ ಅಡ್ಡ ನಿಂತಳು.

"ಬೆಳಗ್ಗೆಯಿಂದ ಬಿಸಿಲಲ್ಲಿದೆ ಅಪ್ಪ. ಬಿಸಾಕಿ."

"ಐಸಲ್ಲಿ ಯಾವ ಹುಳಾನೂ ಬದುಕಲ್ಲಮ್ಮ."

"ಸಾಯಲ್ಲ, ನಿದ್ದೆ ಮಾಡ್ತವೆ. ನಿಮ್ಮ ಆಫೀಸ್ನೋರ ಥರ."

ಹೇಗೂ ಕುದಿಸುತ್ತೇವಲ್ಲ ಎಂದು ಅವರು ವಾದಿಸಿದರು. ಹುಳ ಸತ್ತರೂ ಅವು ಬಿಟ್ಟ ವಿಷ ಎಲ್ಲ ಸಲವೂ ಕುದಿತಕ್ಕೆ ಹೋಗುವುದಿಲ್ಲ ಎಂದಳು ಅವಳು. ತಾಯಿ ಶಕುಂತಲಮ್ಮ ಎಂದಿನಂತೆ ಇಬ್ಬರ ಮಾತಿಗೂ ಹೂಂಗುಟ್ಟಿದರು. ಕೈಮಾ ಫ್ರೀಜರ್ ಸೇರಿತು.

ಬುಧವಾರ ಅದೇ ಕಟ್ಟೆ, ಅದೇ ಬಿಸಿಲು. ಹೊಸದಾಗಿ ತರುತ್ತೇನೆಂದ ಮಗಳನ್ನು ಕಾಳಪ್ಪನವರು ಬಿಡಲಿಲ್ಲ. ಮಾಡಿದ ಆದೇಶವನ್ನು ಹಿಂಪಡೆದ ಇತಿಹಾಸ ಅವರದಲ್ಲ. ಶಕುಂತಲಮ್ಮ ಚಕ್ಕೆ ಲವಂಗ ಎರಡರಷ್ಟು ಅರೆದರು. ಸಾಕ್ಷ್ಯ ನಾಶಕ್ಕೆ ಮಸಾಲೆಯಷ್ಟು ಒಳ್ಳೆಯ ಸಾಧನ ಬೇರೊಂದಿಲ್ಲ.

ಬೀಗರಾಗಬೇಕಾದವರು ಎಲೆಯ ಮುಂದೆ ಕೂತರು. ಬಡಿಸುತ್ತಿದ್ದವಳು ಮೀನಾ. ಬಾಯಿ ಬಿಟ್ಟರೆ ಅಪ್ಪನ ಮರ್ಯಾದೆಯ ಜೊತೆ ಸಂಬಂಧವೂ ಹೋಗುತ್ತದೆ. ಬಿಡದಿದ್ದರೆ ಮಾವನವರು ಆಸ್ಪತ್ರೆ ಸೇರುತ್ತಾರೆ, ಆಗಲೂ ಸಂಬಂಧ ಹೋಗುತ್ತದೆ. ಓಬಳಪ್ಪನವರು ಉಂಡೆ ಮುರಿದರು.

"ಮಾವ, ಅದನ್ನ ತಿನ್ಬೇಡಿ. ಎರಡು ಸಲ ಬಿಸಿಲಲ್ಲಿ ಕರಗಿಸಿರೋದು."

ಮುತ್ತುರಾಜ ತನ್ನ ಎಲೆಯಲ್ಲಿ ಏನೋ ಬರೆದಿದೆಯೆಂಬಂತೆ ಅದನ್ನೇ ನೋಡುತ್ತ ಕೂತ. ಹುಡುಗಿ ಏನೋ ಓದಿಕೊಂಡು ಮಾತಾಡ್ತಾಳೆ ಎಂದು ಕಾಳಪ್ಪನವರು ನಕ್ಕರು. ನಂಬಿಕೆ ಹುಟ್ಟಿಸಲು ತಮ್ಮ ಎಲೆಯ ಉಂಡೆಗಳನ್ನೆಲ್ಲ ತಿಂದರು. ಸಾಲದೆಂದು ಮತ್ತೆ ಬಡಿಸಿಕೊಂಡು ಅವನ್ನೂ ತಿಂದರು. ಬಂದವರು ಮೊಸರನ್ನ ಉಂಡು, ಮದುವೆಯ ಮಾತೆತ್ತದೆ ಎದ್ದು ಹೋದರು. ಎಲ್ಲ ಮುಗಿಯಿತೆಂದು ಮೀನಾ ಬಾಗಿಲು ಹಾಕಿಕೊಂಡು ಮಲಗಿದಳು.

ಬೆಳಗ್ಗೆ ಫೋನ್ ಹೊಡೆದುಕೊಂಡಾಗ ಎತ್ತಿದವಳು ಅವಳೇ. ಆ ಕಡೆ ಓಬಳಪ್ಪ. ಅಪ್ಪನಿಗೆ ಕೊಡು ಎಂದರು. ಅಪ್ಪ ಬಚ್ಚಲಮನೆಯಲ್ಲಿದ್ದಾರೆ ಎಂದಳು.

"ಯಾವಾಗಿಂದ?"

"ನಿನ್ನೆ ರಾತ್ರಿಯಿಂದ, ಮಾವ."

ಓಬಳಪ್ಪನವರಿಗೆ ಅಷ್ಟು ಸಾಕಾಯಿತು.

"ನಿಶ್ಚಿತಾರ್ಥಕ್ಕೆ ದಿನ ನೋಡಿಸ್ತೀನಿ, ಅವರು ಹೊರಗೆ ಬಂದ್ಮೇಲೆ ಹೇಳು. ನೀನು ಬೇಗ ಬಂದ್ಬಿಡಮ್ಮ. ನಮ್ಮನೇಲೂ ಬಿಸಿಲಲ್ಲೇ ಕರಗಿಸೋದು, ಫ್ರಿಜ್ ನೋಡ್ಕೊಳ್ಳೋನು ನಾನೇ."