ಅಮ್ಮನಿಗೆ ಬೋಚೆ ಬೇಕಂತೆ

ಹೈಸ್ಕೂಲಿನಲ್ಲಿ ಆಟ ಹೇಳಿಕೊಡುವ ಮೇಷ್ಟ್ರು ಆಟದಲ್ಲಿ ಹೆಂಡತಿಗೆ ಸೋತರೆ ಅದೇನು ಮಹಾಪಾಪವಲ್ಲ. ಆದರೆ ನಮ್ಮ ಮೇಷ್ಟ್ರು ಸೋತದ್ದು ಹೆಂಡತಿ ನರ್ಸಾಗಿರುವ ಆಸ್ಪತ್ರೆಯ ವಾರ್ಷಿಕೋತ್ಸವದಲ್ಲಿ, ದೊಡ್ಡ ಡಾಕ್ಟರಿಂದ ಹಿಡಿದು ಅಡುಗೆಯವರವರೆಗೆ ಎಲ್ಲರ ಎದುರಿಗೆ, ಅದೂ ಕೊರಳಲ್ಲಿ ಸೀಟಿ ನೇತುಹಾಕಿಕೊಂಡೇ. ಆಟ ಪಿಕಲ್‌ಬಾಲ್. ಸೊಂಟದೆತ್ತರದ ಬಲೆ, ಅಗಲವಾದ ಗಿಡ್ಡ ಬ್ಯಾಟು, ಮೈತುಂಬ ತೂತಿರುವ ಪ್ಲಾಸ್ಟಿಕ್ ಚೆಂಡು. ನೋಡುವುದಕ್ಕೆ ಮಕ್ಕಳಾಟ, ಆಡುವುದಕ್ಕೆ ನಿಂತರೆ ಮಂಡಿಗೆ ವಯಸ್ಸು ನೆನಪಾಗುತ್ತದೆ. ಹೆಂಡತಿ ನಿಂತಲ್ಲೇ ನಿಂತು ಅವರನ್ನು ಆ ಮೂಲೆಯಿಂದ ಈ ಮೂಲೆಗೆ ಓಡಿಸಿದಳು. ಕೊನೆಗೆ ಎಕ್ಸ್‌ರೇ ತೆಗೆಯುವವನು, "ಮೇಷ್ಟ್ರೇ, ನಾಳೆಯಿಂದ ಸ್ಕೂಲಿಗೆ ಸಿಸ್ಟರನ್ನೇ ಕಳಿಸಿ, ನೀವು ವಾರ್ಡಿಗೆ ಬನ್ನಿ" ಅಂದ. ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ಮನೆಗೆ ಬಂದು ಸೀಟಿಯನ್ನು ಮೊಳೆಗೆ ಸಿಕ್ಕಿಸುವ ಹೊತ್ತಿಗೆ ಆ ನಗು ಎಲ್ಲೋ ದಾರಿಯಲ್ಲೇ ಬಿದ್ದುಹೋಗಿತ್ತು.

ಹಿತ್ತಲಿನ ಪ್ರಶ್ನೆ ಎದ್ದದ್ದು ಇದಾದ ಮೇಲೆ. ಮುರುಕಲು ಶೆಡ್ಡನ್ನು ಕೆಡವಿಸಿದ್ದರಿಂದ ಅಲ್ಲಿ ಉದ್ದನೆಯ ಒಳ್ಳೇ ಜಾಗ ಸಿಕ್ಕಿತ್ತು. ಅಲ್ಲಿ ಆಟಕ್ಕೊಂದು ಅಂಕಣ ಮಾಡಿಸೋಣ ಎಂದು ಗಂಡ ಹೆಂಡತಿ ಮೊದಲೇ ಮಾತಾಡಿಕೊಂಡಿದ್ದರು. ಹೆಂಡತಿಗೆ ಪಿಕಲ್‌ಬಾಲೇ ಆಗಬೇಕು. ಸಿಮೆಂಟು ಹಾಕಿಸಿ, ಗೆರೆ ಎಳೆದು, ಬಲೆ ಕಟ್ಟಿದರೆ ಆಯಿತು. ಡ್ಯೂಟಿ ಮುಗಿಸಿ ಬಂದು ಸ್ವಲ್ಪ ಹೊತ್ತು ಆಡಿದರೆ ವಾರ್ಡಿನ ಕೂಗಾಟವೆಲ್ಲ ತಲೆಯಿಂದ ಇಳಿಯುತ್ತದೆ ಎನ್ನುವುದು ಅವಳ ಆಸೆ. ಮೇಷ್ಟ್ರಿಗಾದರೋ, ದಿನಾ ಸಂಜೆ ಅಕ್ಕಪಕ್ಕದವರು ಕಾಂಪೌಂಡಿನ ಮೇಲಿಂದ ಇಣುಕುತ್ತಿರುವಾಗ ಹೆಂಡತಿಯ ಕೈಲಿ ಸೋಲುವುದು ಕಣ್ಣಿಗೆ ಕಟ್ಟಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೇಷ್ಟ್ರು ಮೊದಲು ನೆಲ ಡೊಂಕು ಎಂದೇ ಅಂದರು. ಆಮೇಲೆ ಗಾಳಿ ಜಾಸ್ತಿ ಅಂದರು. ಆಮೇಲೆ ಪಕ್ಕದ ಮನೆಯವರಿಗೆ ಸದ್ದಾಗುತ್ತದೆ ಅಂದರು. ಒಂದೂ ನಡೆಯಲಿಲ್ಲ.

ಅವರ ಮನಸ್ಸಿನಲ್ಲಿದ್ದದ್ದು ಬೋಚೆ. ಅದರಲ್ಲಿ ಓಡುವ ಮಾತೇ ಇಲ್ಲ. ಮೊದಲು ಒಂದು ಪುಟ್ಟ ಚೆಂಡನ್ನು ಎಸೆಯುವುದು, ಆಮೇಲೆ ತೂಕದ ದೊಡ್ಡ ಚೆಂಡುಗಳನ್ನು ಒಂದೊಂದಾಗಿ ಉರುಳಿಸುವುದು, ಯಾರ ಚೆಂಡು ಪುಟ್ಟದಕ್ಕೆ ಹತ್ತಿರ ನಿಂತಿತೋ ಅವರು ಗೆದ್ದರು. ಹೆಚ್ಚುಕಮ್ಮಿ ದೊಡ್ಡವರ ಗೋಲಿಯಾಟ. ಸೋತರೂ ತಪ್ಪನ್ನು ನೆಲದ ಮೇಲೆ ಹಾಕಬಹುದು.

ಹೀಗೆ ಎಲ್ಲ ನೆಪಗಳೂ ಮುಗಿದಾಗ ಮೇಷ್ಟ್ರಿಗೆ ಉಳಿಯುತ್ತಿದ್ದ ನೆಪ ಅಮ್ಮ. ಅಮ್ಮ ಬಟ್ಟೆ ಮಿಲ್ಲಿನಲ್ಲಿ ಮಗ್ಗ ನೋಡಿಕೊಂಡು ಮಗನನ್ನು ಓದಿಸಿದವಳು. ಮಗ್ಗಗಳ ಸದ್ದಿಗೆ ಕಿವಿ ಸ್ವಲ್ಪಸ್ವಲ್ಪವೇ ಹೋಯಿತು. ಕಿವಿಗೆ ಹಾಕುವ ಮಿಷನ್ನು ಕಿರ್ ಅನ್ನುತ್ತದೆಂದು ಬೀರು ಸೇರಿತ್ತು. ಕಿವಿ ಕೇಳದವರ ಪರವಾಗಿ ಯಾರಾದರೂ ಮಾತಾಡಬೇಕಲ್ಲ, ಮಗ ಮಾತಾಡುತ್ತಿದ್ದರು. ಯಾರದೋ ಮನೆಗೆ ಹೋಗಲು ಬೇಜಾರಾದರೆ, "ಅಮ್ಮನಿಗೆ ಹುಷಾರಿಲ್ಲ." ನೆಂಟರು ಬಂದು ನಾಲ್ಕು ದಿನ ಇರುತ್ತೇವೆ ಅಂದರೆ, "ಅಮ್ಮನಿಗೆ ಮನೇಲಿ ಜನ ಜಾಸ್ತಿ ಆದ್ರೆ ಆಗೋಲ್ಲ." ಇದನ್ನೆಲ್ಲ ಫೋನಿನಲ್ಲಿ, ಅಮ್ಮನ ಎದುರಿಗೇ ಕೂತು ಹೇಳುತ್ತಿದ್ದರು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ.

ಗಾರೆಯವನು ಸೋಮವಾರ ಕೆಲಸ ಶುರು ಮಾಡುವವನಿದ್ದ. ಭಾನುವಾರದ ಊಟದ ಹೊತ್ತಿನಲ್ಲಿ ಹೆಂಡತಿ, "ಇವತ್ತಾದ್ರೂ ಒಂದು ಮಾತು ಹೇಳ್ತೀರೋ ಇಲ್ವೋ?" ಅಂದಳು.

ಮೇಷ್ಟ್ರು ನೀರು ಕುಡಿದು ಲೋಟ ಕೆಳಗಿಟ್ಟರು. "ಅಮ್ಮನಿಗೆ ಬೋಚೆ ಬೇಕಂತೆ. ನಿನ್ನೆ ನನ್ನ ಹತ್ರ ಹೇಳಿದ್ಳು. ನಿಮ್ಮ ಜೊತೆ ನಾನೂ ಒಂದಿಷ್ಟು ಆಡ್ಬೇಕು ಅಂತ ಆಸೆ ಅವಳಿಗೆ. ಪಿಕಲ್‌ಬಾಲ್ ಆದ್ರೆ ಪಾಪ, ಮೂಲೇಲಿ ಕೂತು ನೋಡೋದೇ ಆಗುತ್ತೆ."

ಹೆಂಡತಿಯ ಕೈ ತಟ್ಟೆಯಲ್ಲೇ ನಿಂತಿತು. ಅತ್ತೆಯ ತೋಳು ಮುಟ್ಟಿ, ದೊಡ್ಡ ದನಿಯಲ್ಲಿ, "ಅತ್ತೆ, ಹಿತ್ತಲಲ್ಲಿ ಬೋಚೆ ಮಾಡಿಸ್ಲಾ? ನಿಮಗೆ ಅದೇ ಬೇಕಾ?" ಅಂತ ಕೇಳಿದಳು.

ಅಮ್ಮ ಸೊಸೆಗೆ ಉತ್ತರ ಕೊಡುವ ಮೊದಲು ಮಗನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಮೇಷ್ಟ್ರು ತಟ್ಟೆ ನೋಡುತ್ತಾ ಅನ್ನ ಕಲಸತೊಡಗಿದರು.

"ಹೂಂ," ಅಂದಳು ಅಮ್ಮ.

"ಹಾಗಾದ್ರೆ ಮುಗೀತು ಬಿಡಿ," ಅಂದಳು ಹೆಂಡತಿ. "ನನಗೇನು, ಆಸ್ಪತ್ರೇಲಿ ಆಡ್ಕೋತೀನಿ." ಮುಖ ಒಂದು ಕ್ಷಣ ಬಾಡಿತು, ಅಷ್ಟೇ. ಅತ್ತೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಅಮ್ಮ ಎಲ್ಲದಕ್ಕೂ ಹೂಂಗುಟ್ಟುತ್ತಾಳೆ, ಒಳ್ಳೇದೇ ಆಯಿತು ಅಂದುಕೊಂಡರು ಮೇಷ್ಟ್ರು. ಬದುಕಿದೆಯಾ ಬಡಜೀವವೇ!

ಹಲಗೆಗಳ ಅಂಚು ಕಟ್ಟಿ, ಸಣ್ಣ ಜಲ್ಲಿಪುಡಿ ಹಾಸಿ, ಬೋಚೆಯ ಉದ್ದನೆಯ ಪಟ್ಟಿ ತಯಾರಾಯಿತು. ಹೆಂಡತಿಯ ಬ್ಯಾಟು ಅಡುಗೆಮನೆಯ ಬಾಗಿಲ ಹಿಂದಕ್ಕೆ ಹೋಯಿತು. ಅಮ್ಮ ಪ್ರತಿ ಸಂಜೆ, ಡ್ಯೂಟಿಗೆ ಹೊರಟವಳ ಹಾಗೆ, ಶೂ ಹಾಕಿಕೊಂಡು ಬರತೊಡಗಿದಳು. ಚೆಂಡು ಭಾರ. ಎರಡೂ ಕೈಯಲ್ಲಿ ಎತ್ತಿ ಉರುಳಿಸುವಳು, ಉರುಳಿಸಿ ಮಣಿಕಟ್ಟು ತಿಕ್ಕಿಕೊಳ್ಳುವಳು. "ಚೆನ್ನಾಗಿದೆಯಾ ಅತ್ತೆ?" ಎಂದು ಸೊಸೆ ಕೇಳಿದರೆ, "ಬಹಳ ಚೆನ್ನಾಗಿದೆ" ಅನ್ನುವಳು. ಅವಳ ಮಣಿಕಟ್ಟಿಗೆ ಮುಲಾಮು ಹಚ್ಚುವುದೂ ಸೊಸೆಯೇ. ಮೇಷ್ಟ್ರು ದಿನಾ ಗೆಲ್ಲುತ್ತಿದ್ದರು. ಗೆಲುವು ಯಾಕೋ ಬಾಯಿಗೆ ರುಚಿಸುತ್ತಿರಲಿಲ್ಲ.

ಪರೀಕ್ಷೆ ಮುಗಿದ ದಿನ ಶಾಲೆ ಬೇಗ ಬಿಟ್ಟಿತು. ಮೇಷ್ಟ್ರು ಗೇಟು ತೆಗೆಯುವಾಗಲೇ ಹಿತ್ತಲಿನಿಂದ ಟಕ್ ಟಕ್ ಎನ್ನುವ ಸದ್ದು ಕೇಳಿಸಿತು. ಹೆಂಡತಿ ರಜೆ ಹಾಕಿರಬೇಕು ಅಂದುಕೊಂಡು ಮನೆಯ ಪಕ್ಕದ ಓಣಿಯಿಂದ ಹಿಂದಕ್ಕೆ ಹೋದರು.

ಅಮ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಸೊಸೆಯ ಬ್ಯಾಟು ಹಿಡಿದು, ಅಡುಗೆಮನೆಯ ಹೊರಗೋಡೆಗೆ ಚೆಂಡು ಹೊಡೆಯುತ್ತಿದ್ದಳು. ಚೆಂಡು ವಾಪಸು ಬರುತ್ತಿತ್ತು, ಮತ್ತೆ ಹೊಡೆಯುತ್ತಿದ್ದಳು. ತಪ್ಪಿಹೋದರೆ, "ಎಲ್ಲಿಗೋ ಹೋಗ್ತೀಯ, ಕಳ್ಳ!" ಎಂದು ಬೈದು, ನಗುತ್ತಾ ಓಡಿ ಹಿಡಿಯುತ್ತಿದ್ದಳು. ಅಮ್ಮ ಓಡಬಲ್ಲಳು ಎಂಬುದೇ ಮೇಷ್ಟ್ರಿಗೆ ಮರೆತುಹೋಗಿತ್ತು.

ಚೆಂಡು ಹೆಕ್ಕಲು ಬಗ್ಗಿದವಳು ಮಗನ ಬೂಟು ನೋಡಿದಳು. ಸಟ್ಟನೆ ಎದ್ದು ಬ್ಯಾಟನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

"ಏನೂ ಮುರಿದಿಲ್ಲಪ್ಪಾ," ಅಂದಳು. "ಸುಮ್ನೆ ನೋಡ್ತಿದ್ದೆ."

ತಾಯಿ ಮಗನಿಗೆ ಹೆದರಿ ಹೀಗೆ ಹೇಳುವ ಹಾಗಾಯಿತಲ್ಲ ಎಂದು ಮೇಷ್ಟ್ರ ಮೈ ಹಿಡಿಯಾಯಿತು. "ನಿನಗೆ ಇದು ಇಷ್ಟಾನಾ?" ಎಂದು ಸನ್ನೆ ಮಾಡಿ ಕೇಳಿದರು.

"ಇದರ ಸದ್ದು ನನಗೆ ಕೇಳುತ್ತೆ ನೋಡು. ಟಕ್ ಅಂತ. ಎಷ್ಟು ದಿನ ಆಗಿತ್ತು ಏನಾದ್ರೂ ಹಾಗೆ ಕೇಳಿ."

"ಮತ್ತೆ ಅವತ್ತು ಬೋಚೆ ಬೇಕು ಅಂದ್ಯಲ್ಲ?"

"ನಾನೆಲ್ಲಿ ಅಂದೆ? ನೀನಂದೆ. ನಾನು ಹೂಂ ಅಂದೆ, ಅಷ್ಟೇ."

"ನಿನಗೆ ಕೇಳಿಸ್ತಾ?"

"ಕಾಣಿಸ್ತು," ಅಂದಳು ಅಮ್ಮ. "ಮಿಲ್ಲಲ್ಲಿ ಮಗ್ಗ ಓಡ್ತಿದ್ರೆ ಪಕ್ಕದಲ್ಲಿ ನಿಂತವಳ ಮಾತೂ ಕೇಳ್ತಿರಲಿಲ್ಲ. ತುಟಿ ನೋಡ್ಕೊಂಡೇ ಹರಟೆ ಹೊಡೀತಿದ್ವಿ, ಜಗಳ ಆಡ್ತಿದ್ವಿ. ಮಗನ ತುಟಿ ಗೊತ್ತಾಗಲ್ವಾ ನನಗೆ?"

ಚಿಕ್ಕಂದಿನಲ್ಲಿ ಮಿಲ್ಲಿನ ಗೇಟಿನ ಹತ್ತಿರ ಅಮ್ಮ ಗೆಳತಿಯರ ಜೊತೆ ದನಿಯಿಲ್ಲದೆ ಮಾತಾಡಿ ನಗುತ್ತಿದ್ದದ್ದನ್ನು ಮೇಷ್ಟ್ರೇ ನೋಡಿದ್ದರು. ನೋಡಿಯೂ ಮರೆತಿದ್ದರು. ಎದುರಿಗೆ ಕೂತು ಫೋನಿನಲ್ಲಿ ಹೇಳಿದ ಒಂದೊಂದು ಸುಳ್ಳೂ ಈಗ ನೆನಪಾಗತೊಡಗಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಫೋನಲ್ಲಿ ಹೇಳಿದ್ದೂ..."

ಅಮ್ಮ ಅವರ ತುಟಿ ನೋಡಿ ಹೌದೆಂದು ತಲೆಯಾಡಿಸಿ, ನಲ್ಲಿಯ ಕೆಳಗೆ ಚೆಂಡು ತೊಳೆದಳು. "ಹೋಗ್ಲಿ ಬಿಡು, ಅದೆಲ್ಲ ನಂಗೇನೂ ಅನ್ನಿಸ್ಲಿಲ್ಲ. ಉದ್ದಕ್ಕನಿಗೆ ಹೇಳಿದ್ದು ಮಾತ್ರ ಸ್ವಲ್ಪ ಬೇಜಾರಾಯ್ತು."

ಉದ್ದಕ್ಕ ಅಂದರೆ ಮಿಲ್ಲಿನಲ್ಲಿ ಅಮ್ಮನ ಪಕ್ಕದ ಮಗ್ಗದವಳು. ಹೊಸ ಮನೆ ಕಟ್ಟಿಸಿದ್ದೇವೆ, ನಿಮ್ಮಮ್ಮನನ್ನು ಕರೆದುಕೊಂಡು ಬಾ, ನಾಲ್ಕು ದಿನ ನನ್ನ ಜೊತೆ ಇರಲಿ ಎಂದು ಫೋನು ಮಾಡಿದ್ದಳು. ಅಷ್ಟು ದೂರ ಗಾಡಿ ಓಡಿಸಲು ಸೋಮಾರಿತನವಾಗಿ ಮೇಷ್ಟ್ರು, "ಅಮ್ಮನಿಗೆ ಬರೋಕೆ ಮನಸ್ಸಿಲ್ಲಂತೆ" ಅಂದುಬಿಟ್ಟಿದ್ದರು.

"ಆಮೇಲೆ ಅವಳು ಫೋನೇ ಮಾಡ್ಲಿಲ್ಲ," ಅಂದಳು ಅಮ್ಮ.

"ಆಗ್ಲೇ ಯಾಕೆ ಬಾಯಿ ಬಿಡ್ಲಿಲ್ಲ ನೀನು?"

"ಬಿಟ್ಟಿದ್ರೆ ನೀನು ಸಿಕ್ಕಿಬೀಳ್ತಿದ್ದೆ," ಅಂದಳು. ಅದೇನು ಕೇಳುವ ಮಾತೇ ಎನ್ನುವ ಹಾಗೆ. ಬ್ಯಾಟು ಒರೆಸಿ ಬಾಗಿಲ ಹಿಂದೆ ಇದ್ದ ಹಾಗೇ ಇಟ್ಟಳು.

ಸಂಜೆ ಹೆಂಡತಿ ಬಂದು ಬಟ್ಟೆ ಬದಲಾಯಿಸಿ ಹಿತ್ತಲಿಗೆ ಇಳಿದಾಗ ಅಮ್ಮ ಶೂ ಹಾಕಿಕೊಂಡು, ಭಾರದ ಚೆಂಡನ್ನು ಹೊಟ್ಟೆಗೆ ಒತ್ತಿ ಹಿಡಿದು, ಪಟ್ಟಿಯ ತುದಿಯಲ್ಲಿ ಆಗಲೇ ನಿಂತಿದ್ದಳು. ಮೇಷ್ಟ್ರಿಗೆ ತಡೆಯಲಾಗಲಿಲ್ಲ. ನೆಲ ನೋಡುತ್ತಾ, ಹೆಂಡತಿಗೆ ಮಾತ್ರ ಕೇಳುವಷ್ಟು ದನಿಯಲ್ಲಿ, "ಅಮ್ಮ ಬೋಚೆ ಕೇಳೇ ಇರಲಿಲ್ಲ. ನಿನ್ನ ಕೈಲಿ ಸೋಲೋಕೆ ನಾಚಿಕೆಯಾಗಿ ನಾನೇ ಅವಳ ಹೆಸರು ಹೇಳ್ದೆ. ಅವಳಿಗೂ ನಿನ್ನ ಆಟವೇ ಇಷ್ಟ," ಅಂದರು.

ಹೆಂಡತಿ ಅತ್ತೆಯ ಮಣಿಕಟ್ಟನ್ನು ನೋಡಿದಳು. ಮುಲಾಮು ಹಚ್ಚಿದ ಕಡೆ ಇನ್ನೂ ಕೆಂಪಗಿತ್ತು.

"ನನ್ನ ಆಟ ಹೋದ್ರೆ ಹೋಯ್ತು ರೀ," ಅಂದಳು. "ಅವರ ಬಾಯನ್ನೇ ಕಿತ್ಕೊಂಡ್ರಲ್ಲ ನೀವು."

ಅಮ್ಮ ಇಬ್ಬರ ಮುಖವನ್ನೂ ನೋಡಿ ಗಾಬರಿಯಾದಳು. "ಏನಾಯ್ತು? ಏನಂದ ಅವನು?" ಎಂದು ಸೊಸೆಯನ್ನು ಕೇಳಿದಳು.

ಸೊಸೆ ಗಂಡನ ಕಡೆ ಕೈ ತೋರಿಸಿದಳು.

ಮೇಷ್ಟ್ರು ಇನ್ನೊಂದು ಸಲ ಗೊಣಗಿದರು. ಗದ್ದ ಎದೆಗೆ ತಾಗಿತ್ತು. ಅಮ್ಮ ಚೆಂಡನ್ನು ಕೆಳಗಿಟ್ಟು, ಹತ್ತಿರ ಬಂದು, ಬಗ್ಗಿ ಅವರ ಮುಖ ಹುಡುಕಿದಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

"ತಲೆ ಎತ್ತಿ ಹೇಳಪ್ಪಾ. ತಗ್ಗಿಸಿದ್ರೆ ನನಗೆ ಕಾಣೋಲ್ಲ."

ಮೇಷ್ಟ್ರು ತಲೆ ಎತ್ತಿದರು. ಮುಖ ಮುಚ್ಚಿಕೊಳ್ಳಲು ಕೈ ತಾನಾಗಿ ಮೇಲೆ ಬಂತು, ಅದನ್ನೂ ಕೆಳಗಿಳಿಸಿದರು. ಆಮೇಲೆ ಒಂದೊಂದೇ ಮಾತನ್ನು, ತುಟಿ ಕಾಣುವ ಹಾಗೆ, ನಿಧಾನವಾಗಿ ಹೇಳತೊಡಗಿದರು. ಉದ್ದಕ್ಕನ ಫೋನಿನಿಂದ ಶುರುಮಾಡಿದರು.