ಅರ್ಧ ದುಡ್ಡಿನ ಇಳಿಜಾರು

"ಅತ್ತಿಗೆ, ಬಿಡಬೇಡಿ! ಬಿಟ್ಟರೆ ಸತ್ತೆ!"

ಗಾಲಿಕುರ್ಚಿಯ ಮುಂದಿನ ಪುಟ್ಟ ಗಾಲಿಗಳೆರಡೂ ನೆಲ ಬಿಟ್ಟು ಮೇಲೆದ್ದಿದ್ದವು. ಕುರ್ಚಿಯಲ್ಲಿ ಕೂತಿದ್ದ ಹೊಲಿಗೆಯಕ್ಕ ಮೊಣಕಾಲಿನ ಮೇಲೆ ಬಗ್ಗಿ ಗದ್ದವನ್ನು ಎದೆಗೆ ಒತ್ತಿಕೊಂಡಳು. ಹಿಂದಕ್ಕೆ ಒರಗಿದರೆ ಕುರ್ಚಿ ಮಗುಚಿ ತಲೆ ಸಿಮೆಂಟಿಗೆ ಬಡಿಯುವುದು ಖಂಡಿತ.

"ಬಿಡೋಕೆ ನನಗೇನು ಹುಚ್ಚಾ? ನೀನು ಬೀಳೋದು ನನ್ನ ಮೇಲೇನೇ," ಎಂದು ಹಿಂದಿನಿಂದ ತಳ್ಳುತ್ತಿದ್ದ ಅತ್ತಿಗೆ ಏದುಸಿರಿನಲ್ಲೇ ಬೈದಳು.

ಪುರಸಭೆಯ ಬಾಗಿಲಿಗೆ ಕಟ್ಟಿದ ಹೊಸ ಇಳಿಜಾರಿನ ಉದ್ಘಾಟನೆ ಅದು. ಕೆಳಗೆ ಜನ ಚಪ್ಪಾಳೆ ತಟ್ಟುತ್ತಿದ್ದರು. ಅವರಿಗೇನು, ಚಪ್ಪಾಳೆ ತಟ್ಟುವುದಕ್ಕೆ ಗಾಲಿ ಬೇಕೇ!

ಕಳೆದ ವರ್ಷ ಬಜೆಟ್ ಸಭೆಗೆ ಅವಳನ್ನು ನಾಲ್ವರು ಕುರ್ಚಿಸಮೇತ ಹೊತ್ತು ಇದೇ ಬಾಗಿಲಿನ ಮೆಟ್ಟಿಲು ಹತ್ತಿಸಿದ್ದರು. ನಾಚಿಕೆಯಿಂದ ಹಿಡಿಯಷ್ಟಾಗಿದ್ದರೂ ಅವಳು ಕೇಳಿಯೇಬಿಟ್ಟಿದ್ದಳು: "ಊರಿನ ದುಡ್ಡಿನ ಮಾತು ಮೇಲೆ ನಡೆಯುತ್ತೆ, ನಾವು ಕೆಳಗಿರ್ತೀವಿ. ನಮ್ಮ ಪಾಲೆಲ್ಲಿ?" ಆ ಮಾತಿನಿಂದಲೇ ಬಜೆಟ್ಟಿನಲ್ಲಿ 'ಸಮಪಾಲು' ಎಂಬ ಬಾಬ್ತು ಹುಟ್ಟಿತು. ಯಾವ ಖರ್ಚಾದರೂ ಯಾರಿಗೆ ದಕ್ಕುತ್ತದೆ, ಯಾರಿಗೆ ದಕ್ಕುವುದಿಲ್ಲ ಎಂದು ಮೊದಲೇ ಕೇಳಬೇಕು. ದಕ್ಕದವರಿಗೆಂದು ಒಂದಿಷ್ಟು ಎತ್ತಿಡಬೇಕು. ಅದರ ಚೊಚ್ಚಲ ಕೆಲಸವೇ ಈ ಇಳಿಜಾರು. ಆಮೇಲೆ ಅಧ್ಯಕ್ಷರು ಕತ್ತರಿ ಆಡಿಸಿ ದುಡ್ಡನ್ನು ಅರ್ಧಕ್ಕಿಳಿಸಿದರು. ಎಂಜಿನಿಯರ್ ತಲೆ ಕೆಡಿಸಿಕೊಳ್ಳಲಿಲ್ಲ, ಇಳಿಜಾರಿನ ಉದ್ದವನ್ನೂ ಅರ್ಧಕ್ಕಿಳಿಸಿದ. ಬಾಗಿಲಿನ ಎತ್ತರ ಮಾತ್ರ, ಪಾಪ, ಇದ್ದಷ್ಟೇ ಇತ್ತು.

ಅಂತೂ ಕುರ್ಚಿ ಮೇಲೆ ಬಂದು ನಿಂತಾಗ ಅವಳ ಬೆನ್ನು ಬೆವರಿನಿಂದ ತೊಯ್ದುಹೋಗಿತ್ತು. ಆ ಬಾಬ್ತಿಗಾಗಿ ಜಗಳವಾಡಿದ್ದ ಸದಸ್ಯೆ ಮೈಕು ಕೊಡುವ ನೆಪದಲ್ಲಿ ಕಿವಿಯ ಹತ್ತಿರ ಬಗ್ಗಿದರು.

"ಚೆನ್ನಾಗಿದೆ ಅಂದ್ಬಿಡಮ್ಮ. ಇನ್ನೇನು ಒಳಗೆ ಓಟಿಗೆ ಹಾಕ್ತಾರೆ. ಸರಿಯಿಲ್ಲ ಅಂದ್ಯೋ, ಅಧ್ಯಕ್ಷರು ಕಾಯ್ತಾ ಇದ್ದಾರೆ, ಈ ವರ್ಷ ಸಮಪಾಲೇ ಇರಲ್ಲ. ಆಸ್ಪತ್ರೆ ರ‍್ಯಾಂಪು, ಹುಡುಗೀರ ಶೌಚಾಲಯ, ಎಲ್ಲಾ ಹೋಯ್ತು."

ಹೊಲಿಗೆಯಕ್ಕನಿಗೆ ಬಿಸಿತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವಂತಿಲ್ಲ ಉಗುಳುವಂತಿಲ್ಲ. ಕೊನೆಗೆ ನುಂಗಿದಳು.

"ಚೆನ್ನಾಗಿದೆ," ಎಂದಳು.

"ಅದನ್ನೇ ಕಾಯ್ತಿದ್ದೆ ಕಣಮ್ಮ!" ಕೆಳಗಿನಿಂದ ನಿವೃತ್ತ ಮೇಷ್ಟ್ರ ದನಿ ಬಂತು. ಕಾಲಿನ ಶಕ್ತಿ ಹೋದರೂ ಅವರ ಗತ್ತು ಹೋಗಿರಲಿಲ್ಲ. ತಮ್ಮ ಗಾಲಿಕುರ್ಚಿಯನ್ನು ಯಾರಿಗೂ ಮುಟ್ಟಗೊಡುವವರಲ್ಲ. "ನೀನೇ ಚೆನ್ನಾಗಿದೆ ಅಂದ್ಮೇಲೆ ನನಗೇನು ಭಯ? ಸರೀರಿ ಎಲ್ಲಾ!"

ಎರಡೂ ಕೈಯಿಂದ ಗಾಲಿ ಉರುಳಿಸುತ್ತ ಅವರು ಒಬ್ಬರೇ ಹತ್ತತೊಡಗಿದರು. ಅರ್ಧ ದಾರಿಗೆ ಬಂದರು. ಅವರ ಬೆನ್ನು ಕುರ್ಚಿಗೆ ಒರಗಿಯೇ ಇತ್ತು. ಮುಂದಿನ ಗಾಲಿಗಳು ಮೆಲ್ಲನೆ ಮೇಲೆದ್ದವು. ಹೊಲಿಗೆಯಕ್ಕನಿಗೆ ಜೀವವೇ ಬಾಯಿಗೆ ಬಂತು.

"ಬೇಡ ಮೇಷ್ಟ್ರೇ! ಬಗ್ಗಿ, ಮುಂದಕ್ಕೆ ಬಗ್ಗಿ! ನಾನು ಸುಳ್ಳು ಹೇಳ್ದೆ!"

ಮೈಕು ಇನ್ನೂ ಅವಳ ಕೈಯಲ್ಲೇ ಇತ್ತು. ಆ ಚೀರು ರಸ್ತೆಯ ತನಕ ಕೇಳಿಸಿತು. ಮೇಷ್ಟ್ರು ಬಗ್ಗಿದರು; ಅತ್ತಿಗೆ ಪಕ್ಕದಿಂದ ಕೆಳಗೋಡಿ, ಹಿಂದಕ್ಕೆ ಜಾರುತ್ತಿದ್ದ ಕುರ್ಚಿಗೆ ಹೆಗಲು ಕೊಟ್ಟು, ಹೇಗೋ ಸಮನೆಲಕ್ಕೆ ಇಳಿಸಿದಳು. ಮೇಷ್ಟ್ರ ಮುಖ ಬಿಳಿಚಿಹೋಗಿತ್ತು.

"ನೋಡಿದ್ರಲ್ಲ, ಕೊಟ್ರೂ ಬೈಸ್ಕೋಬೇಕು," ಎಂದರು ಅಧ್ಯಕ್ಷರು. ಅವರಿಗೆ ಒಳಗೊಳಗೇ ಖುಷಿ. "ನಡೀರಿ, ಓಟಿಗೆ ಹಾಕ್ಬಿಡೋಣ."

ಸದಸ್ಯೆಯ ಕಣ್ಣು ತುಂಬಿತ್ತು. "ಸ್ವಲ್ಪ ಹೊತ್ತು ಬಾಯಿ ಮುಚ್ಕೊಂಡಿರೋಕೆ ಆಗ್ಲಿಲ್ವೇನಮ್ಮ?" ಎಂದವರೇ ಎಲ್ಲರ ಹಿಂದೆ ಒಳಗೆ ಹೋದರು.

ಅತ್ತಿಗೆ ಸೊಂಟ ಹಿಡಿದುಕೊಂಡು ಮೇಲೆ ಬಂದಳು. "ಇಳಿಯೋಣ್ವಾ?"

ಹೊಲಿಗೆಯಕ್ಕ ಕೆಳಗೆ ನೋಡಿದಳು. ಹತ್ತುವಾಗ ಬೆನ್ನ ಹಿಂದಿದ್ದ ಆಳ ಈಗ ಕಣ್ಣ ಮುಂದಿತ್ತು. "ಆಗಲ್ಲ ಅತ್ತಿಗೆ. ನನಗೆ ಭಯ."

"ನನಗೇನು ಧೈರ್ಯಾನಾ? ನಾಲ್ಕು ಜನ ಹಿಡಿದು ಇಳಿಸ್ಬೇಕು, ಕೆಳಗಿದ್ದೋರು ಮೇಷ್ಟ್ರ ಜೊತೆ ಹೋದ್ರು, ಮಿಕ್ಕೋರೆಲ್ಲ ಒಳಗೆ ಹೋದ್ರು."

"ಹಾಗಾದ್ರೆ ನನ್ನನ್ನೂ ಒಳಗೇ ತಳ್ಳಿ."

ಸಭಾಂಗಣದಲ್ಲಿ ಗಾಲಿಕುರ್ಚಿ ಹಿಡಿಸುವ ಜಾಗವೆಂದರೆ ಅಧ್ಯಕ್ಷರ ಮೇಜಿನ ಪಕ್ಕದ್ದೊಂದೇ. ಅತ್ತಿಗೆ ಅಲ್ಲಿಗೇ ತಂದು ನಿಲ್ಲಿಸಿದಳು. ಸದಸ್ಯರೆಲ್ಲ ಎದುರಿಗಿದ್ದರು. ಅಧ್ಯಕ್ಷರು ಅವಳತ್ತ ನೋಡದೆ ಗಂಟಲು ಸರಿಮಾಡಿಕೊಂಡರು.

"ಸಮಪಾಲು ಬಾಬ್ತು ಈ ವರ್ಷದಿಂದ ರದ್ದು. ಒಪ್ಪೋರು ಕೈ ಎತ್ತಿ."

ಅವಳಿಗೆ ಯಾರ ಮುಖ ನೋಡುವುದಕ್ಕೂ ಹೆದರಿಕೆಯಾಯಿತು. ಮೇಜಿನ ಮೇಲಿದ್ದ ಕೈಗಳನ್ನೇ ನೋಡಿದಳು. ಉಂಗುರದ ಕೈ, ಪೆನ್ನು ಹಿಡಿದ ಕೈ, ಕೂದಲು ತುಂಬಿದ ದಪ್ಪ ಕೈ. ಸಭೆ ಮುಗಿದ ಮೇಲೆ ಅವಳನ್ನು ಹೊತ್ತು ಕೆಳಗಿಳಿಸಬೇಕಾದ ಕೈಗಳೂ ಇವೇ. ಅವುಗಳಲ್ಲಿ ಒಂದು ಮೆಲ್ಲನೆ ಮೇಲೆದ್ದು, ಎದೆಮಟ್ಟಕ್ಕೆ ಬಂದು, ಅವಳೆದುರು ಪೂರ್ತಿ ಏಳಲಾರದೆ ಅಲ್ಲೇ ನಿಂತಿತು.