ಹುಲ್ಲು ಕೆದಕಿದ ಕೋಳಿಗಳು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಹೈಸ್ಕೂಲಿನ ಮಕ್ಕಳಿಂದ ಹಿಡಿದು ಹಾಲಿನವನವರೆಗೆ ಎಲ್ಲರೂ ಹೇಳುತ್ತಾರೆ. ಹೇಳಲಿ, ಇಪ್ಪತ್ತು ವರ್ಷ ಗಣಿತ ಕಲಿಸಿದವಳಿಗೆ ಅದು ಇನ್ನೆಲ್ಲಿರಬೇಕು? ಆದರೆ ಆ ಒಂದು ಶನಿವಾರದ ಸಿಟ್ಟು ನೆನೆಸಿಕೊಂಡರೆ ಮಾತ್ರ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಕನಕಪುರದಲ್ಲಿ ಮನೆ ಕಟ್ಟಿಸಿದಾಗ ಮುಂದುಗಡೆ ಒಂದಿಷ್ಟು ಜಾಗ ಉಳಿಯಿತು. ನನ್ನ ಗಂಡ ಯೋಗಾನಂದ ಕಾರು ನಿಲ್ಲಿಸೋಣ ಎಂದರು, ನಾನು ಲಾನು ಎಂದೆ. ಲಾನೇ ಆಯಿತು. ನರ್ಸರಿಯ ಮುಷರಫ್ ಚಾಪೆಯ ಹಾಗೆ ಸುತ್ತಿದ ಹುಲ್ಲು ತಂದ. ಹುಲ್ಲಿನ ಅಡಿಯಲ್ಲಿ ಕೆಂಪು ಮಣ್ಣು, ಮರಳು, ಒಂದಿಷ್ಟು ಎರೆಗೊಬ್ಬರ ಸಾಕು ಎಂದ. ಸಾತನೂರಿನ ರೈತನ ಮಗಳಿಗೆ ಗೊಬ್ಬರದ ಪಾಠ! ಅಪ್ಪನಿಗೆ ಫೋನು ಮಾಡಿ ಒಂದು ಟ್ರ್ಯಾಕ್ಟರ್ ತಿಪ್ಪೆಗೊಬ್ಬರ ತರಿಸಿದೆ. ಮುಷರಫ್ ಒಂದು ಹಿಡಿ ತೆಗೆದು ಮೂಸಿ, "ಇದಿನ್ನೂ ಸರಿಯಾಗಿ ಕೊಳ್ತಿಲ್ಲ ಮೇಡಂ, ಆರು ತಿಂಗ್ಳು ಬುಟ್ಟು ಹಾಕಿ" ಎಂದ.

"ನಮ್ಮಪ್ಪನ ತಿಪ್ಪೆ ಕಣಪ್ಪಾ ಇದು. ನೀನು ಸುಮ್ನೆ ಹುಲ್ಲು ಹಾಸು" ಎಂದೆ. ಹುಲ್ಲು ಹಸಿರಾಗಿ ಹತ್ತಿಕೊಂಡಾಗ ನಮ್ಮ ತವರಿನ ಗೊಬ್ಬರ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದೆ.

ಯುಗಾದಿ ಕಳೆದ ಮೇಲೆ ಅತ್ತೆ ದೊಡ್ಡಲಕ್ಷ್ಮಮ್ಮ ಮಂಡಿ ಆಪರೇಷನ್ನಿಗೆಂದು ಕೋಡಿಹಳ್ಳಿಯಿಂದ, ನನ್ನ ಮೈದುನ ಬಾಲರಾಜುವಿನ ಮನೆಯಿಂದ, ನಮ್ಮಲ್ಲಿಗೆ ಬಂದರು. ಜೊತೆಗೆ ಆರು ನಾಟಿ ಕೋಳಿ. ಮಂಡಿ ವಾಸಿಯಾದ ಮೇಲೂ ನಾನು ಕಳಿಸಲಿಲ್ಲ. ನಮ್ಮವ್ವ ತೀರಿಕೊಂಡಾಗ ನಾನು ಎಂಟನೇ ಕ್ಲಾಸು. ಈಗ ನಲವತ್ತಾರು ವರ್ಷದ ಹೆಂಗಸು, ಭಾನುವಾರ ಬಂದರೆ ಅತ್ತೆಮ್ಮನ ಮುಂದೆ ಕೂತು ತಲೆಗೆ ಹರಳೆಣ್ಣೆ ತಟ್ಟಿಸಿಕೊಳ್ಳುತ್ತಿದ್ದೆ. ಅವರು ಇನ್ನು ನಮ್ಮ ಮನೆಯಲ್ಲೇ ಇದ್ದುಬಿಡಬೇಕು, ನನಗೆ ಬೇಕಾಗಿದ್ದದ್ದು ಅಷ್ಟೇ.

ಕೋಳಿಗಳು ಹಿತ್ತಲಲ್ಲಿದ್ದವು, ತಂಟೆಯಿರಲಿಲ್ಲ. ಆಷಾಢದಲ್ಲಿ ಅದೇನಾಯಿತೋ, ಆರೂ ಮನೆಯ ಮುಂದಕ್ಕೆ ಬಂದವು. ಬೆಳಗಿಂದ ಸಂಜೆಯವರೆಗೆ ಲಾನಿನ ಮೇಲೇ. ಎರಡೂ ಕಾಲಲ್ಲಿ ಕೆದಕುವುದು, ಒಂದು ಹೆಜ್ಜೆ ಹಿಂದೆ ಸರಿದು ನೋಡುವುದು, ಕುಕ್ಕುವುದು, ಮತ್ತೆ ಕೆದಕುವುದು. ಅಲ್ಲಲ್ಲಿ ಬಟ್ಟಲಗಲದ ಗುಂಡಿಗಳಾದವು, ಹುಲ್ಲು ಹಳದಿ ತಿರುಗಿತು, ಮೆಟ್ಟಿಲ ತುಂಬ ಹಿಕ್ಕೆ. ಸ್ಕೂಲಿನಿಂದ ಬಂದವಳೇ ಬ್ಯಾಗು ಎಸೆದು ಅವನ್ನು ಅಟ್ಟುವುದೇ ನನ್ನ ಕೆಲಸವಾಯಿತು.

"ಅತ್ತೆಮ್ಮಾ, ಕೋಳಿ ಮುಂದಕ್ಕೆ ಬಿಡ್ಬೇಡಿ ಅಂತ ಎಷ್ಟು ಸಲ ಬಡ್ಕೊಳ್ಲಿ?"

"ಒಸಿ ದಿನ ತಡ್ಕೊಳವ್ವ" ಎನ್ನುತ್ತಿದ್ದರು. ಹಿಕ್ಕೆ ಬಳಿದು, ಕಿತ್ತು ಬಂದ ಹುಲ್ಲನ್ನು ಕಾಲಿನಿಂದ ಅದುಮಿ ಒಳಗೆ ಹೋಗುತ್ತಿದ್ದರು.

ಆ ಶನಿವಾರ ನಮ್ಮ ಹೆಡ್‌ಮಿಸ್ಸು ಮನೆಗೆ ಬಂದರು. ಗೇಟಿನಲ್ಲೇ ನಿಂತು, "ಏನ್ರೀ ಪ್ರತಿಮಾ, ಸ್ಟಾಫ್ ರೂಮಲ್ಲಿ ಹೊಗಳಿ ಹೊಗಳಿ ಇಡ್ತಿದ್ದ ಲಾನು ಇದೇನಾ?" ಎಂದು ನಕ್ಕರು. ನನಗೆ ಭೂಮಿಗಿಳಿದು ಹೋದ ಹಾಗಾಯಿತು. ಅವರು ಕಾಫಿ ಕುಡಿದು ಹೋದದ್ದೇ ತಡ, ಅತ್ತೆಮ್ಮನ ಮೇಲೆ ಹರಿಹಾಯ್ದೆ. "ಈ ಮನೇಲಿ ಕೋಳಿ ಇರ್ಬೇಕು, ಇಲ್ಲ ನಾನಿರ್ಬೇಕು. ನಾಳೆ ಹೊತ್ತಿಗೆ ತೀರ್ಮಾನ ಮಾಡಿ!"

ಅವರು ತೀರ್ಮಾನ ಮಾಡಿದರು. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಬಾಲರಾಜು ಆಟೋ ತಂದು ನಿಲ್ಲಿಸಿದ್ದ. ಮಂಕರಿಯಲ್ಲಿ ಕೋಳಿ, ಪಕ್ಕದಲ್ಲಿ ಅತ್ತೆಮ್ಮನ ಬಟ್ಟೆಯ ಗಂಟು.

"ಕೋಳಿ ಕಳ್ಸಿ ಅಂದ್ರೆ ನೀವ್ಯಾಕೆ ಹೊಂಟ್ರಿ?"

"ಅವುಕ್ಕೆ ನಾಕು ಕಾಳು ಹಾಕೋರು ಬ್ಯಾಡ್ವಾ? ಬಾಲನ ಹೆಂಡ್ರಿಗೆ ರೇಸ್ಮೆ ಹುಳದ ಕೆಲ್ಸವೇ ಮೈತುಂಬ ಐತೆ" ಎಂದರು. ಮುಖದಲ್ಲಿ ಕೋಪದ ಸುಳಿವೂ ಇಲ್ಲ. ಇರಿ ಅತ್ತೆಮ್ಮ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು, ಹಾಳು ಹಟ ಬಿಡಲಿಲ್ಲ. ಆಟೋ ತಿರುವು ದಾಟಿದ ಮೇಲೆ ಯೋಗಾನಂದ ನನ್ನ ಕಡೆ ನೋಡಿ, "ನಿನ್ ಹುಲ್ಲು ನಿಂಗೆ ಉಳೀತಲ್ಲ, ಇನ್ನು ನೆಮ್ಮದಿಯಾಗಿ ಮೇಯಿ" ಎಂದು ಒಳಗೆ ಹೋದರು.

ಹನ್ನೆರಡು ದಿನ ಕಳೆಯಿತು. ಲಾನಿನ ಮೇಲೆ ಕೋಳಿಯ ಸುಳಿವಿಲ್ಲ, ಆದರೂ ಹಳದಿ ನಿಲ್ಲಲಿಲ್ಲ, ಹರಡುತ್ತ ಗೇಟಿನವರೆಗೆ ಬಂತು. ಮುಷರಫ್‌ನನ್ನು ಕರೆಸಿದೆ. ಅವನು ಕುಕ್ಕರುಗಾಲಲ್ಲಿ ಕೂತು ಒಂದು ಕಡೆ ಹುಲ್ಲು ಹಿಡಿದೆಳೆದ. ಹಾಸಿಗೆಯ ಮೇಲಿನ ಕಂಬಳಿ ಎತ್ತಿದ ಹಾಗೆ ಎದ್ದು ಬಂತು, ಬೇರೇ ಇಲ್ಲ. ಅಡಿಯಲ್ಲಿ ದಪ್ಪ ಬಿಳಿ ಹುಳುಗಳು ಮುದುರಿಕೊಂಡು ಬಿದ್ದಿದ್ದವು.

"ಗೊಣ್ಣೆ ಹುಳ ಮೇಡಂ. ಕೊಳೀದೆ ಇರೋ ಗೊಬ್ಬರದಾಗೆ ಬಂದವೆ. ಬೇರೆಲ್ಲ ತಿಂದು ಮುಗಿಸ್ಬುಟ್ಟವೆ. ಅಜ್ಜಿ ಕೋಳಿ ಬುಟ್ಟಿದ್ದು ಹೋಗ್ತಾ ಬರ್ತಾ ನೋಡ್ತಿದ್ದೆ, ಎಲ್ಲೋದ್ವು?"

"ಕೋಳಿ ಕೆದಕಿದ್ರೆ ಹುಲ್ಲು ಹಾಳಾಗಲ್ವೇನಪ್ಪಾ?"

"ಆಯ್ತದೆ, ಯಾರಿಲ್ಲ ಅಂದ್ರು? ಆದ್ರೆ ಬೇರಿದ್ರೆ ತಿರ್ಗ ಚಿಗುರ್ತದೆ. ಇದು ಚಿಗುರಲ್ಲ. ಆ ಕೋಳಿಗಳೇ ಇಷ್ಟು ದಿನ ಉಳಿಸ್ಕೊಂಡು ಬಂದಿದ್ದು."

ಆ ಭಾನುವಾರ ಮೊದಲ ಬಸ್ಸಿಗೇ ಕೋಡಿಹಳ್ಳಿಗೆ ಹೋದೆ. ಅತ್ತೆಮ್ಮ ಹಿತ್ತಲ ಚಪ್ಪರದಡಿ ರಾಗಿ ಕೇರುತ್ತ ಕೂತಿದ್ದರು. ಪಕ್ಕದ ಮಂಕರಿಯೊಳಗೆ ಹುಲ್ಲು ಹಾಸಿ ಒಂದು ಕೋಳಿಯನ್ನು ಕಾವಿಗೆ ಕೂರಿಸಿದ್ದರು. ನನ್ನನ್ನು ಕಂಡು, "ತಿಂಡಿ ತಿಂದ್ಯಾ?" ಎಂದರು. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು.

"ತಪ್ಪಾಯ್ತು ಅತ್ತೆಮ್ಮ. ಗೊಣ್ಣೆ ಹುಳ. ನಾನು ತರಿಸಿದ್ದ ಗೊಬ್ಬರದ್ದೇ. ಮನೆಗೆ ಬನ್ನಿ, ಹುಲ್ಲಿನ ಮನೆ ಹಾಳಾಗ್ಲಿ."

"ಇದು ಕಾವಿಗೆ ಕೂತು ಹತ್ ದಿನ ಆಗೈತೆ. ಈಗ ಅಲ್ಲಾಡ್ಸಿದ್ರೆ ಮೊಟ್ಟೆ ಕೆಟ್ಟೋಯ್ತವೆ. ಇನ್ ಹನ್ನೊಂದು ದಿನಕ್ಕೆ ಮರಿ ಏಳ್ತವೆ, ಆಮೇಲೆ ನೋಡಾನ" ಎಂದು ಮೊರ ಕೆಳಗಿಟ್ಟರು. "ಹುಳ ಇರೋದು ನಂಗೊತ್ತಿತ್ತು ಕಣವ್ವ. ಆಷಾಢದಾಗೆ ಹೂ ಕೀಳಕ್ಕೋದಾಗ್ಲೇ ಕಂಡಿದ್ದೆ. ಅದ್ಕೇ ಕೋಳಿನ ಮುಂದಕ್ಕೆ ಬುಟ್ಟಿದ್ದು."

ಅಲ್ಲೂ ನನಗೆ ಸಿಟ್ಟು ಬಂತು. "ಗೊತ್ತಿದ್ದೂ ಬಾಯಿ ಬಿಡ್ಲಿಲ್ವಾ? ನಾನು ಅಷ್ಟು ಕೂಗಾಡ್ದಾಗ, ನಿನ್ ಗೊಬ್ಬರ ಸರಿಯಿಲ್ಲ ಅಂತ ಒಂದು ಮಾತು ಅಂದಿದ್ರೆ ಆಗ್ತಿತ್ತಲ್ಲ!"

"ಹೆಂಗಂದೇನು?" ಎಂದರು ಅತ್ತೆಮ್ಮ. "ನಿನ್ ತವರಿಂದ ಬಂದಿದ್ದದು. ಸೊಸೆ ತವರಿಂದ ತಂದಿದ್ನ ಅತ್ತೆಯಾದೋಳು ಬಾಯ್ತೆಗೆದು ಹಳೀಬಾರ್ದು. ಅದ್ರಾಗೂ ಅವ್ವ ಇಲ್ದಿರೋ ಮಗೀನ ತವರ್ನ."

ನನಗೆ ತಡೆಯಲಾಗಲಿಲ್ಲ. ಅವರ ತೊಡೆಯ ಮೇಲೆ ಮುಖವಿಟ್ಟು, ಬನ್ನಿ ಅತ್ತೆಮ್ಮ, ಬನ್ನಿ ಅತ್ತೆಮ್ಮ ಎಂದು ಜೋರಾಗಿ ಅಳತೊಡಗಿದೆ. ಮಂಕರಿಯೊಳಗೆ ಕೋಳಿ ರೆಕ್ಕೆ ಬಡಿಯಿತು.

"ಬತ್ತೀನಿ, ಬತ್ತೀನಿ. ಒಸಿ ಮೆತ್ತಗೆ ಅಳು ಕಣವ್ವ" ಎಂದು ಅತ್ತೆಮ್ಮ ನನ್ನ ತಲೆ ಸವರಿದರು. "ಕೋಳಿ ಬೆದರಿ ಕಾವು ಬುಟ್ಟು ಎದ್ರೆ, ಬರಾದು ಇನ್ನೂ ತಡ ಆಯ್ತದೆ."